ಮೂರನೇ ಹಂತದ ಒತ್ತೆಯಾಳು

ಕಚೇರಿಯಲ್ಲಿ ಎಲ್ಲರಿಗೂ ಅವಳು ಚುಕ್ಕಿಯಕ್ಕ. ಹಳೆಯ ವಿಡಿಯೊ ಗೇಮ್‌ಗಳ ಚಿತ್ರಗಳನ್ನು ಚುಕ್ಕಿ ಚುಕ್ಕಿಯಾಗಿ ತಿದ್ದಿ ಹೊಸ ಪರದೆಗಳಿಗೆ ಒಗ್ಗಿಸುವುದು ಅವಳ ಇಪ್ಪತ್ತು ವರ್ಷದ ಕೆಲಸ. ಕಣ್ಣು ಸೋತಿತ್ತು, ಕೈ ಸೋತಿರಲಿಲ್ಲ.

ಆ ಸಲ ಬಂದದ್ದು, ಪ್ಲಾಸ್ಟಿಕ್ ಬಂದೂಕು ಹಿಡಿದು ಪರದೆಗೆ ಗುರಿಯಿಟ್ಟು ಆಡುವ ಆಟ. ಒಂದು ಕಾಲದಲ್ಲಿ ಅದಕ್ಕಾಗಿ ಜನ ದುಡ್ಡು ಕೊಟ್ಟು ಆಡುವ ಆಟದಂಗಡಿಗಳ ಮುಂದೆ ಸಾಲುಗಟ್ಟುತ್ತಿದ್ದರು. ಹೆಸರು ನೋಡಿಯೇ ಅವಳಿಗೆ ಗುರುತಾಯಿತು. ಮೂರನೇ ಹಂತದಲ್ಲಿ ಕದ ತೆರೆದು, ಕೈಯೆತ್ತಿಕೊಂಡು ಓಡಿಬರುವ ಒತ್ತೆಯಾಳು ಅವಳ ಅಣ್ಣ. ಆಟ ತಯಾರಿಸಿದ ಕಂಪನಿಯಲ್ಲಿ ಅವನು ಯಂತ್ರಗಳಿಗೆ ತಂತಿ ಬೆಸೆಯುತ್ತಿದ್ದ. ಯಾರೋ ಅವನನ್ನು ಓಡಿಸಿ ಸಾಲು ಫೋಟೊ ಹಿಡಿದು ಆಟದೊಳಗೆ ಸೇರಿಸಿದ್ದರು. ಅದೇ ವರ್ಷ ಒಂದು ಬೆಳಗ್ಗೆ ಕೆಲಸಕ್ಕೆಂದು ಹೊರಟವನು ಕೆಲಸಕ್ಕೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಹುಡುಕುವವರಿಗೆ ಕೊಟ್ಟ ಫೋಟೊಗಳೂ ವಾಪಸು ಬರಲಿಲ್ಲ; ಮನೆಯಲ್ಲಿ ಬೇರೆ ಉಳಿದಿರಲಿಲ್ಲ. ಅದಾಗಿ ಮೂವತ್ತೊಂದು ವರ್ಷ.

ಹಳೆಯ ಪರದೆಯಲ್ಲಿ ಅವನ ಮುಖ ಹೆಬ್ಬೆರಳಿನ ಉಗುರಿನಷ್ಟು. ಕಣ್ಣಿಗೆ ಎರಡು ಚುಕ್ಕಿ, ಬಾಯಿಗೆ ಮೂರು. ಹೊಸ ಟಿವಿಗೆ ಹುಬ್ಬು ಬೇಕು, ತುಟಿ ಬೇಕು. ವಾರವಿಡೀ ಕೂತು ಬಿಡಿಸಿ ಅಮ್ಮನ ಮುಂದೆ ಹಿಡಿದಳು.

ಅಮ್ಮ ಕನ್ನಡಕ ಏರಿಸಿ ನೋಡಿದರು. "ಇದು ನೀನೇ ಕಣೆ. ಅವನ ಅಂಗಿ ಹಾಕ್ಕೊಂಡಿದ್ದೀಯ, ಅಷ್ಟೆ."

"ಹಾಗಾದ್ರೆ ಅವನು ಹೆಂಗಿದ್ದ, ಹೇಳು."

"ನಕ್ಕರೆ ಒಂದು ಕೆನ್ನೇಲಿ ಮಾತ್ರ ಗುಳಿ ಬೀಳ್ತಿತ್ತು..." ಎಂದ ಅಮ್ಮ ತಮ್ಮ ಎರಡೂ ಕೆನ್ನೆ ಮುಟ್ಟಿ ನೋಡಿಕೊಂಡರು. ಯಾವ ಕಡೆಯದು ಎಂಬುದು ನೆನಪಾಗಲಿಲ್ಲ.

ಪಕ್ಕದ ಮೇಜಿನಲ್ಲಿ ಆಟವನ್ನು ಆಡಿ ಪರೀಕ್ಷಿಸುವ ಗಡ್ಡದವನಿದ್ದ. ಒತ್ತೆಯಾಳಿಗೆ ಗುಂಡು ಬಿದ್ದರೆ ಆಡುವವನಿಗೆ ಒಂದು ಜೀವ ನಷ್ಟ. "ಈ ಪುಣ್ಯಾತ್ಮ ದಿಢೀರಂತ ನುಗ್ತಾನೆ ಅಕ್ಕ, ಕೈ ತಡೆಯೋದ್ರೊಳಗೆ ಹೋಗಿರ್ತಾನೆ" ಎಂದು ನಗುತ್ತಿದ್ದ. ದಿನಕ್ಕೆ ನೂರು ಸಲ ಬಂದೂಕಿನ ಕುದುರೆ ಎಳೆದ ಸದ್ದು, ಆಮೇಲೆ ದೊಪ್ಪೆಂದು ಬಿದ್ದ ಸದ್ದು. ಲಿಫ್ಟಿನ ಬಾಗಿಲಿರಲಿ, ಸ್ನಾನದ ಕೋಣೆಯ ಬಾಗಿಲಿರಲಿ, ಅವಳು ತೆರೆಯುವ ಮೊದಲು ಒಂದು ಕ್ಷಣ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು, ಬರುವವನಿಗೆ ದಾರಿ ಬಿಟ್ಟಂತೆ.

ಕೊನೆಗೆ ಮೇಲಧಿಕಾರಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿ, ಮುಖ ಮಾತ್ರ ಹಳೆಯ ಚುಕ್ಕಿಗಳಲ್ಲೇ ಇರಲಿ ಎಂದಳು. ಆಕೆ, "ಆದ್ರೂ ಮುಖ ಇಲ್ದೆ ಹೆಂಗ್ರೀ? ಆಡೋರು ಬೈತಾರೆ" ಎಂದಳು.

"ಬೈಲಿ ಬಿಡಿ ಮೇಡಂ. ಗೊತ್ತಿಲ್ಲದ್ದನ್ನ ನಾನು ಬರೆಯಲ್ಲ."

ಅಂಗಿಯ ಗುಂಡಿಗಳು, ಬೆರಳುಗಳು, ಬೂಟಿನ ದಾರ ಎಲ್ಲವೂ ನಿಚ್ಚಳವಾದವು. ಮುಖದಲ್ಲಿ ಹಳೆಯ ಐದು ಚುಕ್ಕಿಗಳೇ ಉಳಿದವು. ಆಟ ಬಿಡುಗಡೆಯಾದ ಮೇಲೆ ಕೆಲವರು ಕೆಲಸ ಅರ್ಧಂಬರ್ಧ ಎಂದು ಬೈದರು. ದೆವ್ವದ ಆಟಗಳಿಗಿಂತ ಇವನನ್ನು ಕಂಡರೇ ಹೆದರಿಕೆ ಎಂದು ಒಬ್ಬರು ಬರೆದರು.

ಒಂದು ಭಾನುವಾರ ಮಧ್ಯಾಹ್ನ ಎರಡು ಹಂತ ತಾನೇ ಆಡಿ ದಾಟಿಸಿ, ಬಂದೂಕನ್ನು ಅಮ್ಮನ ಕೈಗೆ ಕೊಟ್ಟಳು. ಕದ ತೆರೆಯಿತು. ಅಮ್ಮ ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತರು. ಅವನು ಓಡಿಬಂದು, ಎಡಕ್ಕೆ ತಿರುಗಿ, ಪರದೆಯ ಅಂಚು ದಾಟಿ ಮರೆಯಾದ.

"ಓಡೋದು ಮಾತ್ರ ಥೇಟ್ ಅವನೇ" ಎಂದರು ಅಮ್ಮ. ಪರದೆಯ ಅಂಚನ್ನೇ ನೋಡುತ್ತಾ ಕೇಳಿದರು, "ಆಮೇಲೆ ಎಲ್ಲಿಗೆ ಹೋಗ್ತಾನೆ?"

ಅಂಚು ದಾಟಿದ ಕೂಡಲೇ ಅವನನ್ನು ಅಳಿಸಿಹಾಕುವ ಸಾಲೊಂದು ಪ್ರೋಗ್ರಾಮಿನಲ್ಲಿತ್ತು. ಅವಳು ಅದನ್ನು ಓದಿದ್ದಳು.

"ಗೊತ್ತಿಲ್ಲಮ್ಮ" ಎಂದಳು.