ಎದುರುಮನೆಯ ಹೆಸರಿನ ಕೂಸು

ಮೇಯೋ ಸೀಮೆಯಲ್ಲಿ ಮೂವತ್ತು ವರ್ಷ ಅಂಚೆ ಹಂಚಿದ ನನ್ನ ಹೆಂಡತಿ ಡಿಂಪ್ನಾ ಹೆಷನ್ ಕೂತು ಚಹಾ ಕುಡಿದದ್ದನ್ನು ನಾನು ಕಂಡಿಲ್ಲ. ಅವಳ ಪಾಲಿನದನ್ನೂ ಸೇರಿಸಿ ನಾನೇ ಕೂತಿದ್ದೇನೆ. ಆದರೆ ಆ ವಾರದ ಅವಳ ಓಡಾಟಕ್ಕೆ ಅಡುಗೆಮನೆಯ ನೆಲವೇ ಸವೆಯುವಂತಿತ್ತು. ಮಗಳು ಗ್ರಾನ್ಯಾ ತನ್ನ ಹೆಣ್ಣುಕೂಸಿಗೆ ಬ್ರೋಗನ್ ಎಂದು ಹೆಸರು ಆರಿಸಿದ್ದಳು.

"ಅದು ಮನೆತನದ ಹೆಸರು ಕಣೇ, ಮಗೂದಲ್ಲ!"

"ಈಗ ಅದೇ ಚಂದ ಅಮ್ಮ. ಅಮೆರಿಕಾದಲ್ಲಿ, ಆಸ್ಟ್ರೇಲಿಯಾದಲ್ಲಿ ಗಂಡಿಗೂ ಇಡ್ತಾರೆ, ಹೆಣ್ಣಿಗೂ ಇಡ್ತಾರೆ. ಫೋನಲ್ಲಿ ನೋಡ್ದೆ."

"ನಮ್ಮ ಹಳೇ ಭಾಷೇಲಿ ಅದರ ಅರ್ಥ ಏನು ಗೊತ್ತಾ? ಪುಟ್ಟ ಬೂಟು!"

"ಆ ಹೆಸರಿನ ಸಂತನೂ ಇದ್ದನಂತೆ," ಎಂದು ನಾನು ಬಾಯಿ ಹಾಕಿದೆ.

"ನೀನು ಸುಮ್ನಿರು ಮಾರಾಯ."

ಸಂಕಟ ಅರ್ಥದ್ದಲ್ಲ. ಎದುರುಮನೆಯ ಮಲಾಕಿ ಬ್ರೋಗನ್ ಇಪ್ಪತ್ತೇಳು ವರ್ಷದ ಹಿಂದೆ, ಒಣಗಿಸಿ ಒಲೆಗೆ ಉರುವಲಾಗಿ ಹಾಕುವ ಜೌಗುಮಣ್ಣಿನ ಹೆಂಟೆ ಕಡಿಯುವಾಗ ಒಂದು ಗುದ್ದಲಿಯಗಲ ನಮ್ಮ ಗಡಿಯೊಳಕ್ಕೆ ಬಂದಿದ್ದ. ಅಂದಿನಿಂದ ಮಾತಿಲ್ಲ. ಡಿಂಪ್ನಾ ಅವನ ಕಾಗದಗಳನ್ನು ಬಾಗಿಲಿಗೆ ಒಯ್ಯದೆ ಅವನ ಅಂಗಳದ ಗೋಡೆಯ ಮೇಲಿಟ್ಟು, ಕಲ್ಲು ಹೇರಿ ಬರುತ್ತಿದ್ದಳು. ನಮ್ಮ ಕಡೆ ಮಗುವಿಗೆ ಯಾರದಾದರೂ ಮನೆತನದ ಹೆಸರಿಟ್ಟರೆ ಅದು ಆ ಮನೆಗೆ ಸಲ್ಲಿಸಿದ ಗೌರವ.

"ಹೆಷನ್‌ಗಳು ಸೋತು ಶರಣಾದ್ರು ಅಂತ ಊರೇ ಆಡ್ಕೊಳ್ಳುತ್ತೆ. ದಿನಾ ಇದೇ ಬಾಗಿಲಲ್ಲಿ ನಿಂತು ಆ ಹೆಸರು ಕೂಗ್ಬೇಕಲ್ಲ ನಾನು!"

ವಾರವಿಡೀ ಕೂಸನ್ನು 'ಏ ಇವಳೇ' ಎಂದಳು. ಭಾನುವಾರ ಚರ್ಚಿನಲ್ಲಿ ಪಾದ್ರಿ ಕೂಸಿನ ತಲೆಗೆ ನೀರು ಹಾಕಿ ಹೆಸರು ಹೇಳಿದಾಗ ಬೇಕೆಂದೇ ಕೆಮ್ಮಿದಳು.

ಮನೆಗೆ ಬಂದು ಮೇಜಿನ ಸುತ್ತ ಸೇರಿ, ಊಟಕ್ಕೆ ಬೇಯಿಸಿದ ಹಂದಿಮಾಂಸ ಹೋಳು ಮಾಡುತ್ತಿದ್ದೆವು. ಅಂಗಳದಲ್ಲಿ ಟ್ರ್ಯಾಕ್ಟರ್ ಗುಡುಗಿತು. ಮಲಾಕಿ! ಕೊರಳಲ್ಲಿ ಟೈ, ಹಿಂದೆ ಟ್ರೇಲರ್ ತುಂಬ ಒಣಗಿದ ಹೆಂಟೆ. ಟೋಪಿ ತೆಗೆದು ಬಾಗಿಲಲ್ಲಿ ನಿಂತ.

"ಡಿಂಪ್ನಾ, ಮಗೂಗೆ ನಮ್ಮ ಹೆಸರು ಇಟ್ರಂತೆ. ನಂಗೆ ಮಕ್ಕಳಿಲ್ಲ. ನನ್ ಜೊತೇಲೇ ಹೆಸರೂ ಮಣ್ಣಾಗುತ್ತೆ ಅಂದ್ಕೊಂಡಿದ್ದೆ."

"ಅಯ್ಯೋ, ಅದು ನಾನು ಫೋನಲ್ಲಿ..." ಎಂದು ಗ್ರಾನ್ಯಾ ಶುರುಮಾಡಿದಳು. ಮೇಜಿನಡಿ ಡಿಂಪ್ನಾ ಅವಳ ಕಾಲು ತುಳಿದಳು. ನನ್ನದನ್ನೂ ತುಳಿದಳು, ನಾನು ಬಾಯಿ ಬಿಡುತ್ತೇನೆಂಬುದು ಅವಳಿಗೆ ಗೊತ್ತಿದ್ದ ಸಂಗತಿ.

ಡಿಂಪ್ನಾ ಒಲೆಯವರೆಗೆ ಹೋದಳು, ಮತ್ತೆ ಬಂದಳು.

"ಬಾ ಒಳಗೆ. ಬೂಟು ಒರೆಸ್ಕೋ. ಬ್ರೋಗನ್ ಎಚ್ಚರವಾಗಿದ್ದಾಳೆ."

ಅವನು ಕೂಸಿನ ಮುಂದೆ ಬಗ್ಗುತ್ತಿದ್ದಂತೆ ಡಿಂಪ್ನಾ ಹೊರಗೋಡಿದಳು, ಹಿಂದೆಯೇ ನಾನೂ ಹೋದೆ. ಟ್ರೇಲರಿನ ಒಂದು ಹೆಂಟೆ ಮುರಿದು ಮೂಸಿ ನನ್ನ ಕಿವಿಯಲ್ಲಿ ಉಸುರಿದಳು: "ನಮ್ಮ ಗಡಿದೇ ಇದು, ಕಳ್ಳ!"

ಅದನ್ನೇ ತಂದು ಒಲೆಗೆ ಹಾಕಿ, ಅವನಿಗೆ ಚಹಾ ಕಾಯಿಸಿದಳು.