ಏಳು ಹರಳಿನ ಮೂಗುಬಟ್ಟಿನ ವರ

ಮೊನ್ನೆ ಮೊಮ್ಮಗಳ ಮಗಳಿಗೆ ಮೂಗು ಚುಚ್ಚಿಸಿದೆವು. ಕೂಸು ಅತ್ತು ಮುಗಿಸಿ, ನನ್ನ ತೊಡೆಯ ಮೇಲೆ ಕುಳಿತು, ಕನ್ನಡಿ ನೋಡಿಕೊಂಡು ನಕ್ಕಿತು. ನನ್ನ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಓಣಿಯ ನಾಲ್ಕು ಮನೆಗೆ ಹೋಗಿ ಹೇಳಿ ಬಂದೆ. ಇನ್ನೂ ತೀರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನನ್ನ ಮೂಗನ್ನೂ ಚುಚ್ಚಿದ್ದರು. ನನಗಿಂತ ಮೊದಲು ಹುಟ್ಟಿದ ಮೂರು ಗಂಡು ಕೂಸುಗಳು ಉಳಿಯಲಿಲ್ಲ. ಹಾಗಾಗಿ ನಾನು ಹುಟ್ಟಿದ ಕೂಡಲೇ ಅವ್ವ ನನ್ನ ಬಲಮೂಗಿಗೆ ಬಂಗಾರದ ತಂತಿ ಹಾಕಿಸಿದಳು. ಇದು ಹೆಣ್ಣು ಎಂದುಕೊಂಡು ಸಾವು ಬಾಗಿಲಿನಿಂದಲೇ ತಿರುಗಿ ಹೋಗಲಿ ಎಂದು. ನಮ್ಮ ಕಡೆ ಹೀಗೆ ಮೂಗು ಚುಚ್ಚಿಸಿಕೊಂಡ ಗಂಡಸರು ಊರಿಗೆ ಇಬ್ಬರು ಮೂವರು ಇದ್ದೇ ಇರುತ್ತಿದ್ದರು. ಅವರೆಲ್ಲ ನಾಲ್ಕೈದು ವರ್ಷಕ್ಕೆ ತೆಗೆದುಬಿಡುತ್ತಿದ್ದರು. ನಮ್ಮವ್ವ ಮಾತ್ರ ಮದುವೆಯ ಅಕ್ಕಿಕಾಳು ಬೀಳುವತನಕ ತೆಗೆಯುವುದಿಲ್ಲವೆಂದು ಹರಕೆ ಹೊತ್ತಿದ್ದಳು. ಸಾವಿಗೆ ಕೇಳಿಸೀತೆಂದು ಬಯಲಿನಲ್ಲಿ ನನ್ನನ್ನು ಗಂಡು ಎಂದು ಯಾರೂ ಅನ್ನುವಂತಿರಲಿಲ್ಲ. ಮೀಸೆ ಮೂಡಿದಾಗ, ಸಾವಿಗೆ ಸಂಶಯ ಬಂದೀತೆಂದು, ತಂತಿಯ ಜಾಗಕ್ಕೆ ಏಳು ಹರಳಿನ ಮೂಗುಬಟ್ಟು ಬಂತು. ನಮ್ಮೂರು ಜಕ್ಕಲಿಯ ಹೊಲದಲ್ಲಿ ನಾನು ಕುಂಟೆ ಹೊಡೆಯುವಾಗ ಅದು ಬಿಸಿಲಿಗೆ ಹೊಳೆದು, ದಾರಿಯವರು "ಯಾರವಾ ಅಕಿ, ಕುಂಟಿ ಹೊಡಿಯಾಕತ್ತಾಕಿ?" ಎಂದು ಕೇಳುತ್ತಿದ್ದರು.

ಇಪ್ಪತ್ತು ದಾಟಿದ ಮೇಲೆ ಹೊಳೆಆಲೂರಿಗೆ ಕನ್ಯೆ ನೋಡಲು ಹೋದೆವು. ಸಾವಿರದ ಒಂಬೈನೂರ ಐವತ್ತರ ಈಚಿನ ಮಾತು. ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಅಂಗಳವೆಂದರೆ ಬಯಲು, ಸಾವಿಗೆ ಕೇಳಿಸುವ ಜಾಗ. ಅವ್ವ ಹೇಳಿದಳು:

"ನಮ್ಮ ಹುಡುಗಿಗೆ ನಿಮ್ಮ ಹುಡುಗೀನ್ನ ಕೇಳಾಕ ಬಂದೀವ್ರಿ."

ಕನ್ಯೆಯ ಅಪ್ಪ ನಮ್ಮ ಹಿಂದೆ ಮುಂದೆ ನೋಡಿದರು. "ವರ ಎಲ್ಲ್ಯದಾನ್ರಿ? ಹಿಂದಿನ ಗಾಡ್ಯಾಗ ಬರ್ತಾನೇನು?"

"ಇಲ್ಲೇ ಕುಂತಾಳಲ್ರಿ. ಮೀಸಿ ಬಿಟ್ಟಾಳ ನೋಡ್ರಿ."

ಅವರು ನನ್ನನ್ನು ನೋಡಿದರು, ಮೂಗುಬಟ್ಟನ್ನು ನೋಡಿದರು. "ಅಲ್ರಿ ಅಕ್ಕಾರ, ಅದನ್ನ ತಗಸ್ರಿ, ಹುಡುಗೀನ್ನ ಕೊಡ್ತೀವಿ. ಹಂದರದಾಗ ಇಬ್ಬರೂ ಮದಿಮಗಳಾಗಿ ಕುಂತ್ರ ಮಂದಿ ಅಕ್ಕಿಕಾಳ ಯಾರಿಗೆ ಒಗೀಬೇಕು?"

"ಅಕ್ಕಿಕಾಳ ಬೀಳೂತನಾ ತಗ್ಯಾಂಗಿಲ್ಲ. ತಗದ್ರ ನನ್ನ ಕೂಸು ಉಳ್ಯಾಂಗಿಲ್ಲ."

ಅವ್ವ ಎದ್ದೇ ನಿಂತಳು. ಅವಲಕ್ಕಿಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನ ಮುಖವನ್ನು ಒಂದೇ ಸಮನೆ ನೋಡುತ್ತಿದ್ದಳು. ಹಾಗೆ ನನ್ನನ್ನು ಯಾರೂ ನೋಡಿರಲಿಲ್ಲ. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ಅಲ್ಲೇ ಠರಾವು ಮಾಡಿಕೊಂಡೆ.

ಅಷ್ಟರಲ್ಲಿ ಹುಡುಗಿ ಬಾಯಿಬಿಟ್ಟಳು. "ಅಪ್ಪಾ, ಲಗ್ನ ಆದಮ್ಯಾಲ ಅದು ಯಾರಿಗೆ ಅಂತ ಕೇಳು."

"ಯಾವದವಾ?"

"ಆ ಮೂಗಬಟ್ಟು. ನಂದು ಹಿತ್ತಾಳೀದು."

ನೋಡಿದ್ದು ಮುಖವನ್ನಲ್ಲ ಎಂದು ಆಗ ತಿಳಿಯಿತು. ನನಗೇನೂ ಬೇಸರವಾಗಲಿಲ್ಲ, ಅದಿದ್ದದ್ದು ನನ್ನ ಮುಖದ ಮೇಲೆಯೇ ಅಲ್ಲವೇ. ಅವ್ವ ಮತ್ತೆ ಕುಳಿತಳು. "ನಿನಗ ತಂಗಿ, ಮತ್ತ್ಯಾರಿಗೆ?" ಎಂದಳು. ಅವರಪ್ಪ ಇನ್ನೇನು ಮಾತಾಡಿಯಾರು, ಒಪ್ಪಿದರು.

ಮದುವೆಯ ದಿನ ಅಕ್ಕಿಕಾಳು ಬಿದ್ದವು, ಮೂಗುಬಟ್ಟು ಬೀಳಲಿಲ್ಲ. ಬೆವರು, ಧೂಳು, ಹಿಂದಿನ ದಿನ ಹಚ್ಚಿದ ಅರಿಶಿಣ ಎಲ್ಲ ಕೂಡಿ ಒಳಗಿನ ತಿರುಪು ಕಚ್ಚಿಕೊಂಡುಬಿಟ್ಟಿತ್ತು. ಊಟಕ್ಕೆಂದು ಬಂದಿದ್ದ ರೋಣದ ಅಕ್ಕಸಾಲಿ ಪತ್ತಾರನನ್ನು ಹಂದರಕ್ಕೆ ಕರೆದರು. ಅವನು ಎಣ್ಣೆ ಬಿಟ್ಟ, ಇಕ್ಕಳ ತರಿಸಿದ, ಕೊನೆಗೆ ನನ್ನ ಎದೆಗೆ ಮೊಣಕಾಲು ಕೊಟ್ಟು ಎಳೆದ. ಬಾಜಾದವರು ಊದಬೇಕೋ ನಿಲ್ಲಿಸಬೇಕೋ ತಿಳಿಯದೆ ಒಂದೇ ಸ್ವರ ಹಿಡಿದು ನಿಂತಿದ್ದರು. ಮುದುಕರೊಬ್ಬರು ಉಳಿದ ಅಕ್ಕಿಕಾಳನ್ನು ಪತ್ತಾರನ ತಲೆಗೂ ಒಗೆದರು. ಮಾವ ಕಣ್ಣು ಮುಚ್ಚಿಕೊಂಡು "ಅಳಿಯಾ ಒಬ್ಬಾಂವ ಉಳದ್ರ ಸಾಕು" ಎನ್ನುತ್ತಿದ್ದರು.

ಕಟ್ ಎಂದಿತು. ನನ್ನ ಕಣ್ಣಲ್ಲಿ ನೀರು, ಮೂಗಿನಲ್ಲಿ ರಕ್ತ. ಪಕ್ಕದಲ್ಲಿ ಕುಳಿತಿದ್ದ ಮದುಮಗಳು ಬಾಸಿಂಗ ಸರಿಸಿ ನನ್ನ ಕಡೆ ಬಾಗಿದಳು. ನನ್ನೊಡನೆ ಅವಳು ಆಡಿದ ಮೊದಲ ಮಾತು:

"ಹರಳು ಉದರಿಲ್ಲಲ್ರಿ?"

"ಮೂಗು ಚಲೋ ಐತಿ," ಎಂದೆ.

"ನಾ ಮೂಗಿಂದು ಕೇಳಲಿಲ್ರಿ."

ಪತ್ತಾರ ಅಂಗೈ ಚಾಚಿದ. ಏಳೂ ಇದ್ದವು, ತಿರುಪು ಮಾತ್ರ ಮುರಿದಿತ್ತು. ಅವಳು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಉಳಿದ ಸೆರಗಿನಿಂದ ನನ್ನ ಮೂಗನ್ನು ಒತ್ತಿ ಹಿಡಿದಳು, ಅಷ್ಟು ಮಂದಿಯ ಮುಂದೆ, ರಕ್ತ ನಿಲ್ಲುವತನಕ.