ಕಣ್ಣಂಚಿಗೆ ರೇಷ್ಮೆಗೂಡು

ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆತನದ ಮಾತನ್ನು ಮೂರು ತಲೆಮಾರಿನಿಂದ ಯಾರೂ ತೆಗೆದುಹಾಕಿಲ್ಲ. ತಂಗಿಯ ಮಗಳ ನಿಶ್ಚಿತಾರ್ಥದ ಹಿಂದಿನ ದಿನ ಶಿಡ್ಲಘಟ್ಟದ ಪಾರ್ಲರಿನ ಹುಡುಗಿ ಮಾತ್ರ, ನಾನು ಬೇಡವೆಂದರೂ ಕೇಳದೆ, ನೆನೆಸಿದ ರೇಷ್ಮೆಗೂಡಿನಿಂದ ನನ್ನ ಕಣ್ಣಿನ ಕೆಳಗೆ ಉಜ್ಜಿದಳು.

“ನಮ್ಮೂರ ರೇಷ್ಮೆ ಕಣ್ರೀ ಅಜ್ಜಿ, ಏನೂ ಆಗಲ್ಲ.”

“ಸೀರೆಯಾದ ಮೇಲೆ ನುಣುಪಮ್ಮ, ಗೂಡು ಒರಟು. ಕಣ್ಣ ಸುತ್ತಿನ ಚರ್ಮ ತೆಳು, ಉಜ್ಜಬಾರದು.”

ಅಷ್ಟರಲ್ಲಿ ಕೆಂಪಾಗಿತ್ತು. ಹಾಗೇ ಆರತಿ ಎತ್ತಿದರೆ, ಈ ಸಂಬಂಧ ಇಷ್ಟವಿಲ್ಲದೆ ಅತ್ತಿದ್ದೇನೆಂದು ಬೀಗರು ತಿಳಿದಾರು. ಹುಡುಗಿ ಹೆದರಿ, ತಣ್ಣೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯನ್ನು ನಾನು ಹೇಳಿದಂತೆ ಒತ್ತದೆ ಇಟ್ಟಳು. ಬೆಳಿಗ್ಗೆ ಕೆಂಪು ಇಳಿದಿತ್ತು. ನನ್ನ ಮುಖ ಕಳೆಕಳೆಯಾಗಿದೆ ಎಂದು ಬೀಗರ ಮನೆಯ ಹೆಂಗಸರೇ ಹೇಳಿದರು. ಹುಡುಗಿ ಕಲಿಯುತ್ತಾಳೆ, ಮತ್ತೆ ಅಲ್ಲಿಗೇ ಹೋಗುತ್ತೇನೆ. ಆದರೆ ಐವತ್ತೆರಡರ ನನ್ನನ್ನು ಅಜ್ಜಿ ಎಂದದ್ದಕ್ಕೆ ಅವಳು ಕ್ಷಮೆ ಕೇಳಬೇಕು.